ಸೋನಾರಿನ ಚರಿತ್ರೆಯಲ್ಲಿ ಹೆಸರುಗಳ ನಡುವಣ ಅವಧಿ

ಭಾರತೀಯ ನೌಕಾಪಡೆಯ ಸೋನಾರ್ ಯಂತ್ರಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಹೆಸರುಗಳ ಸಾಲೊಂದನ್ನು ನಮ್ಮ ಮುಂದಿಡುವರು: ಬ್ರಿಟಿಷ್ ಮೂಲದ 170, ಅನಂತರ ಅಪ್ಸೋ, ಅದರ ಹಿಂದೆ ಹಂಸ, ಮತ್ತೆ ಹಂಸದ ಹೊಸ ಪೀಳಿಗೆ. ರಾಜವಂಶಾವಳಿಯಂತಿರುವ ಈ ಕಥನವು ಸುಳ್ಳಲ್ಲ. ಆದರೆ ವಂಶಾವಳಿಯಿಂದ ರಾಜ್ಯದ ಚರಿತ್ರೆ ತಿಳಿಯದೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾಗಿಲ್ಲ. ಒಂದು ಹೆಸರಿಗೂ ಮುಂದಿನ ಹೆಸರಿಗೂ ನಡುವೆ ಹಡಗಿನಲ್ಲಿದ್ದ ಯಂತ್ರವನ್ನು ಯಾರು ತಿದ್ದಿದರು, ತಿದ್ದಿದ್ದು ಸರಿಯೆಂದು ಯಾರು ತೀರ್ಮಾನಿಸಿದರು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ನೀರಿನೊಳಗೆ ಬೆಳಕಾಗಲಿ ರೇಡಿಯೋ ಅಲೆಯಾಗಲಿ ದೂರ ಸಾಗದು, ಶಬ್ದವೊಂದೇ ಸಾಗುವುದು. ಆ ಶಬ್ದವೂ ನೇರವಾಗಿ ನಡೆಯುವುದಿಲ್ಲ. ಮೇಲಿನ ನೀರು ಬೆಚ್ಚಗೂ ಕೆಳಗಿನದು ತಣ್ಣಗೂ ಇರುವ ಅರಬ್ಬೀ ಸಮುದ್ರದಲ್ಲಿ ಅದು ಕೆಳಕ್ಕೆ ಬಾಗುತ್ತದೆ. ಜಲಾಂತರ್ಗಾಮಿಯು ಆ ನೆರಳಿನಲ್ಲಿ ಅಡಗಬಲ್ಲುದು. 1971ರ ಡಿಸೆಂಬರ್ 9ರ ರಾತ್ರಿ ದೀವ್ ಸಮೀಪದಲ್ಲಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯು ಖುಕ್ರಿಯನ್ನು ಮುಳುಗಿಸಿದಾಗ 18 ಅಧಿಕಾರಿಗಳೂ 176 ನಾವಿಕರೂ ಮಡಿದರು. ಹಡಗಿನೊಡನೆ ಮುಳುಗಿದ ಕ್ಯಾಪ್ಟನ್ ಮುಲ್ಲಾ ಅವರ ಧೈರ್ಯವನ್ನು ಎಲ್ಲರೂ ಬಲ್ಲರು. ಸೋನಾರಿನ ಶಕ್ತಿಯನ್ನು ಹೆಚ್ಚಿಸುವ ಪ್ರಯೋಗವೊಂದು ಆ ಹಡಗಿನಲ್ಲಿ ನಡೆಯುತ್ತಿದ್ದಿತು, ಅದಕ್ಕಾಗಿ ವೇಗವನ್ನು ತಗ್ಗಿಸಲಾಗಿದ್ದಿತು ಎಂಬ ಸಂಗತಿ ಮಾತ್ರ ಅಡಿಟಿಪ್ಪಣಿಯಂತೆ ಉಳಿದಿದೆ. ನಮ್ಮ ಅಭಿಪ್ರಾಯದಲ್ಲಿ ಇದು ಅಡಿಟಿಪ್ಪಣಿಯಲ್ಲ, ಅಧ್ಯಾಯದ ಆರಂಭ. ಶಾಂತಿಕಾಲದಲ್ಲಿ ಮುಗಿಯಬೇಕಾಗಿದ್ದ ಪರೀಕ್ಷೆಯು ಶತ್ರುವಿನೆದುರಿಗೆ ನಡೆಯಿತು.

ಮುಂದಿನ ಕಥೆ ಆರೋಗ್ಯಸ್ವಾಮಿ ಪಾಲ್‌ರಾಜ್ ಅವರದು. ದೆಹಲಿಯ ಐ.ಐ.ಟಿ.ಯಲ್ಲಿ ಸಂಶೋಧಕರಾಗಿದ್ದ ಈ ನೌಕಾಧಿಕಾರಿಯು ಯುದ್ಧಾನಂತರ ಹಳೆಯ 170ರ ಸುಧಾರಣೆಯನ್ನು ಕೈಗೊಂಡರು. ಬಳಿಕ ಕೊಚ್ಚಿಯ ನೌಕಾ ಭೌತಿಕ ಮತ್ತು ಸಾಗರ ಪ್ರಯೋಗಾಲಯದಲ್ಲಿ ಅಪ್ಸೋ ನಿರ್ಮಾಣದ ನೇತೃತ್ವ ವಹಿಸಿದರು. 1983ರ ಹೊತ್ತಿಗೆ ಅದು ಸಿದ್ಧವಾಯಿತು. ತಯಾರಿಕೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನದು. ಸಾಧನೆ ದೊಡ್ಡದು, ಸಂಶಯವಿಲ್ಲ. ಆದರೆ ಕಥನಕಾರರು ಅಪ್ಸೋವನ್ನೇ ಕೊಂಡಾಡಿ, ಅದಕ್ಕೆ ದಾರಿ ಮಾಡಿದ ಹಳೆಯ ಯಂತ್ರದ ತಿದ್ದುಪಡಿಯನ್ನು ಒಂದು ವಾಕ್ಯದಲ್ಲಿ ಮುಗಿಸುವರು.

ಅಮೆರಿಕದ ಉದಾಹರಣೆ ಇಲ್ಲಿ ಉಪಯುಕ್ತ. ರಷ್ಯದ ಜಲಾಂತರ್ಗಾಮಿಗಳು ಮೊದಲಿಗಿಂತ ನಿಶ್ಶಬ್ದವಾಗಿ, ತಮ್ಮ ಶ್ರವಣದ ಮೇಲುಗೈ ಕರಗಿತೆಂದು ಅಲ್ಲಿನ ನೌಕಾಪಡೆ 1990ರ ದಶಕದ ಮಧ್ಯದಲ್ಲಿ ಕಂಡುಕೊಂಡಿತು. ಹೊಸ ಸೋನಾರನ್ನು ಮೊದಲಿನಿಂದ ಕಟ್ಟಲು ಹಣವೂ ಇರಲಿಲ್ಲ, ಕಾಲವೂ ಇರಲಿಲ್ಲ. ಆಗ ಹಡಗಿನ ಹೊರಮೈಯ ಗ್ರಾಹಕಗಳನ್ನು ಹಾಗೆಯೇ ಇಟ್ಟುಕೊಂಡು, ಒಳಗಿನ ಗಣಕವನ್ನು ಮಾರುಕಟ್ಟೆಯ ಸಾಮಾನ್ಯ ಗಣಕಗಳಿಂದ ಬದಲಾಯಿಸಿದರು. ಗಣಕಕ್ರಮವನ್ನು ವರ್ಷಕ್ಕೊಮ್ಮೆ, ಯಂತ್ರಾಂಗವನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸುವ ಪದ್ಧತಿಯನ್ನು ಹಾಕಿಕೊಂಡರು. ಇದನ್ನು ಮುಕ್ತ ವಿನ್ಯಾಸವೆನ್ನುವರು. ಅಗ್ಗದ ಗಣಕವೇ ಇದರ ತಿರುಳೆಂದು ಬಗೆಯುವುದು ತಪ್ಪು. ಸಮುದ್ರದಲ್ಲಿ ಮುದ್ರಿಸಿಕೊಂಡ ಅದೇ ಶಬ್ದವನ್ನು ಬೇರೆಬೇರೆಯವರ ಕ್ರಮಗಳಿಗೆ ಕೊಟ್ಟು, ರಚಿಸಿದವರಲ್ಲದ ಪರಿಣತರಿಂದ ತುಲನೆ ಮಾಡಿಸಿದುದೇ ತಿರುಳು. ಮುಕ್ತವಾದುದು ಯಂತ್ರಕ್ಕಿಂತ ಮೊದಲು ತೀರ್ಪು. ಈ ಪದ್ಧತಿಗೆ ಬೆಲೆಯೂ ಉಂಟು: ಮಾರುಕಟ್ಟೆಯ ಬಿಡಿಭಾಗಗಳ ತಯಾರಿಕೆ ಕೆಲವೇ ವರ್ಷಗಳಲ್ಲಿ ನಿಲ್ಲುವುದರಿಂದ ಒಮ್ಮೆ ಹಿಡಿದವರು ಬಿಡುವಂತಿಲ್ಲ, ಹಡಗಿನಿಂದ ಹಡಗಿಗೆ ಯಂತ್ರ ಭಿನ್ನವಾಗಿ, ನಾವಿಕರ ತರಬೇತಿಯೂ ತೊಡಕಾಗುವುದು.

ಸಮುದ್ರದಿಂದ ದೂರವಿರುವ ಬಳ್ಳಾರಿಯಲ್ಲಿ, ಬ್ರೂಸ್‌ಪೇಟೆಯಿಂದ ಕೋಟೆಯ ಬೆಟ್ಟವನ್ನು ನೋಡುತ್ತ ಇದನ್ನು ಬರೆಯುತ್ತಿರುವ ನಮಗೆ ಹೈದರಾಲಿಯ ಐತಿಹ್ಯವೊಂದು ನೆನಪಾಗದಿರದು. ಕೋಟೆ ಮುಗಿದ ಮೇಲೆ ಎದುರಿನ ಕುಂಬಾರಗುಡ್ಡವು ಅದಕ್ಕಿಂತ ಎತ್ತರವೆಂದು ತಿಳಿದು, ಫ್ರೆಂಚ್ ಶಿಲ್ಪಿಯನ್ನು ಗಲ್ಲಿಗೇರಿಸಿದನಂತೆ. ನಡೆಯಿತೋ ಇಲ್ಲವೋ, ಕಟ್ಟುವ ಮಧ್ಯದಲ್ಲಿ ಎದುರುಗುಡ್ಡವನ್ನು ಹತ್ತಿ ನೋಡಿದವರು ಯಾರೂ ಇರಲಿಲ್ಲವೆ ಎಂಬ ಪ್ರಶ್ನೆಯನ್ನು ಐತಿಹ್ಯ ಕೇಳುವುದಿಲ್ಲ.

ನಮ್ಮ ಸೋನಾರಿನ ಕಥನಗಳೂ ಕೇಳುವುದಿಲ್ಲ. ಸಮುದ್ರಪರೀಕ್ಷೆಯ ವರದಿ, ದುರಸ್ತಿಯ ಪುಸ್ತಕ, ಕೇಳಿಸದಿದ್ದ ರಾತ್ರಿಗಳ ಬಗ್ಗೆ ನಾವಿಕರು ಬರೆದಿಟ್ಟ ಟಿಪ್ಪಣಿ, ಇವೇ ಬೇಕಾದ ಆಕರಗಳು. ಗೋಪ್ಯವೆಂಬ ಆಕ್ಷೇಪಣೆಯನ್ನು ನಾವು ಒಪ್ಪುತ್ತೇವೆ. ಆದರೆ 1983ರ ಯಂತ್ರದ ತಪ್ಪುಗಳು ಇಂದು ಯಾವ ಶತ್ರುವಿಗೂ ಉಪಯೋಗಕ್ಕೆ ಬಾರವು, ನಮ್ಮ ವಿದ್ಯಾರ್ಥಿಗಳಿಗೆ ಬಂದಾವು.