ಎಂಜಿನ್ನಿಗಾಗಿ ಕಾದ ಮಾರುತ್

ಬಾಳೂರಿನ ಕಾಫಿ ತೋಟಗಳಲ್ಲಿ ಫೆಬ್ರವರಿ ಬಂತೆಂದರೆ ಬ್ಲಾಸಂಗೆ ನೀರು ಕೊಡುವ ಗಡಿಬಿಡಿ. ಸ್ಪ್ರಿಂಕ್ಲರ್ ಜೋಡಿಸಲು ಬಂದವನು ಪೈಪು ಮುಟ್ಟುವ ಮೊದಲೇ ಕೇಳುತ್ತಾನೆ: "ಹಳ್ಳದಿಂದ ಗುಡ್ಡದ ತಲೆಗೆ ಎಷ್ಟಡಿ ಗೌಡ್ರೆ? ಎಂಜಿನ್ ಎಷ್ಟು ಎಚ್‌ಪಿ?" ಅದು ಗೊತ್ತಾಗದೆ ಅವನು ಪೈಪಿನ ಲೆಕ್ಕ ಹೇಳುವುದಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಎಚ್‌ಎಫ್-24 ಮಾರುತ್ ಯುದ್ಧವಿಮಾನ ಕಂಡಾಗಲೆಲ್ಲ ನನಗೆ ಆ ಪ್ರಶ್ನೆ ನೆನಪಾಗುತ್ತದೆ.

ವಿಮಾನದ ಒಡಲಿನ ಮಟ್ಟಿಗೆ ಮಾರುತ್ ಯೋಜನೆಯ ಮುಂದಾಳುತನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಜರ್ಮನಿಯ ಫೋಕೆವುಲ್ಫ್ 190ರ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ಗೆ ಬಂದಾಗ, ಅಲ್ಲಿನ ವಿನ್ಯಾಸಕಾರ ಘಾಟ್ಗೆಯವರ ತಂಡ ಎಚ್‌ಟಿ-2 ತರಬೇತಿ ವಿಮಾನವನ್ನು ಹಾರಿಸಿ ಐದೇ ವರ್ಷವಾಗಿತ್ತು. ಅಂಥ ಕಡೆ ಶಬ್ದವೇಗ ಮೀರುವ ಯುದ್ಧವಿಮಾನದ ಕನಸು. ಟ್ಯಾಂಕ್ ಆತುರಪಡಲಿಲ್ಲ. ಮೊದಲು ನಿಜ ಅಳತೆಯದೇ ಮರದ ಗ್ಲೈಡರ್ ಮಾಡಿಸಿ, ಡಕೋಟಾ ವಿಮಾನದಿಂದ ಎಳೆಸಿ ಮೇಲೆ ಬಿಟ್ಟು, ಆಕಾರ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ನೋಡಿದರು. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಎಂಜಿನ್ ಇರುವ ಮಾರುತ್ತನ್ನು ಮೊದಲ ಬಾರಿಗೆ ಹಾರಿಸಿದರು. ಹೈಡ್ರಾಲಿಕ್ ಕೈಕೊಟ್ಟರೂ ಪೈಲಟ್ ತೋಳ್ಬಲದಿಂದಲೇ ನಡೆಸಬಹುದಾದ ನಿಯಂತ್ರಣ, ಒಂದು ಎಂಜಿನ್ ನಿಂತರೂ ಮನೆಗೆ ಮರಳಿಸುವ ಎರಡನೆಯ ಎಂಜಿನ್. 1971ರ ಯುದ್ಧದಲ್ಲಿ ಲೋಂಗೇವಾಲಾದ ಮರಳುಗಾಡಿನ ಮೇಲೆ ಈ ಎಚ್ಚರಿಕೆಗೆ ಬೆಲೆ ಬಂತು.

ಆದರೆ ವೇಗ? ಶಬ್ದದ ಎರಡು ಪಟ್ಟು ಓಡಬೇಕೆಂದು ಬಯಸಿದ್ದ ವಿಮಾನ ಶಬ್ದವೇಗದ ಹೊಸ್ತಿಲಲ್ಲೇ ಏದುಸಿರು ಬಿಟ್ಟಿತು. ವಿನ್ಯಾಸ ನಿಂತಿದ್ದುದು ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12 ಎಂಬ, ಹೆಚ್ಚುವರಿ ನೂಕು ಕೊಡುವ ಆಫ್ಟರ್‌ಬರ್ನರ್ ಇರುವ ಎಂಜಿನ್ನಿನ ಮೇಲೆ. ಅದು ಇನ್ನೂ ತಯಾರಾಗಿರಲಿಲ್ಲ. ಉಳಿದ ಖರ್ಚು ಭಾರತ ಕೊಡಲಿ ಎಂದರು ಬ್ರಿಟಿಷರು; ದಿಲ್ಲಿ ಒಪ್ಪಲಿಲ್ಲ. ಕೊನೆಗೆ ಪುಟ್ಟ ನ್ಯಾಟ್ ವಿಮಾನದ ಆರ್ಫಿಯಸ್ಸನ್ನೇ ತುಸು ಬದಲಿಸಿ ಎರಡೆರಡು ಕೂರಿಸಿದರು. ಒಂದೊಂದರ ನೂಕು ಸುಮಾರು 2,200 ಕಿಲೋ. ರಷ್ಯದ ಎಂಜಿನ್ ನೋಡಿದ್ದಾಯಿತು, ಈಜಿಪ್ಟಿನ ಇ-300 ಎಂಜಿನ್ನಿಗಾಗಿ ಒಂದು ಮಾರುತ್ತನ್ನೇ ಅಲ್ಲಿಗೆ ಕಳಿಸಿದ್ದಾಯಿತು. 1970ರ ಜನವರಿ 10ರಂದು, ಆಫ್ಟರ್‌ಬರ್ನರ್ ಜೋಡಿಸಿದ ಮಾರುತ್ ಬೆಂಗಳೂರಿನಲ್ಲಿ ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ಹಳೇ ವಿಮಾನ ನಿಲ್ದಾಣ ರಸ್ತೆಯ ಬಳಿ ಈಗ ಅವರ ಹೆಸರಿನ ರಸ್ತೆಯಿದೆ. ಅಲ್ಲಿ ದಿನಾ ಓಡಾಡುವ ಎಷ್ಟು ಜನಕ್ಕೆ ಅವರು ಯಾರೆಂದು ಗೊತ್ತಿದೆಯೋ.

147 ಮಾರುತ್‌ಗಳು ತಯಾರಾದವು. ತಪ್ಪನ್ನು ಟ್ಯಾಂಕ್ ಮೇಲೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಒಡಲಿನ ಹೊಣೆ ಅವರದಿತ್ತು, ಎಂಜಿನ್ನಿನ ಹೊಣೆ ಯಾರದೂ ಆಗಿರಲಿಲ್ಲ. ರೆಕ್ಕೆಯ ಗೆರೆ ಎಳೆಯುವ ಮೇಜಿನ ಮುಂದೆಯೇ ಎಂಜಿನ್ನಿನ ಹಣದ ತೀರ್ಮಾನವೂ ಆಗಿದ್ದರೆ ಈ ವಿಮಾನದ ಕತೆ ಬೇರೆಯಾಗುತ್ತಿತ್ತು ಎಂದೇ ನಂಬಿದ್ದೇನೆ.

ಮುಂದೆ ಬಂದ ತೇಜಸ್ ಯುದ್ಧವಿಮಾನದ ಯೋಜನೆ ಈ ಪಾಠವನ್ನು ಅರ್ಧ ಕಲಿಯಿತು. ಕೋಟ ಹರಿನಾರಾಯಣ ಮುನ್ನಡೆಸಿದ ಆ ತಂಡ ಅಮೆರಿಕದ ಎಫ್-404 ಎಂಜಿನ್ ಹಾಕಿ 2001ರ ಜನವರಿ 4ರಂದು ವಿಮಾನ ಹಾರಿಸಿತು. ಸ್ವದೇಶಿ ಎಂಜಿನ್ನಿಗೆ ಕಾಯುತ್ತ ಕೂರಲಿಲ್ಲ. ಅದು ನೋವಿನ, ಆದರೆ ಸರಿಯಾದ ನಿರ್ಧಾರ. ಇತ್ತ ಬೆಂಗಳೂರಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ 1989ರಿಂದ ಕಟ್ಟುತ್ತ ಬಂದ ಕಾವೇರಿ ಎಂಜಿನ್ 81 ಕಿಲೋನ್ಯೂಟನ್ ಗುರಿ ಮುಟ್ಟದೆ 2008ರಲ್ಲಿ ತೇಜಸ್‌ನಿಂದ ಬೇರೆಯಾಯಿತು. 2010ರಲ್ಲಿ ಆಕಾಶದಲ್ಲಿ ಅದನ್ನು ಉರಿಸಿ ನೋಡಬೇಕಾದಾಗ ನಮ್ಮವರು ರಷ್ಯಕ್ಕೆ ಹೋಗಿ, ಅಲ್ಲಿನ ಇಲ್ಯೂಶಿನ್-76 ವಿಮಾನದ ರೆಕ್ಕೆಗೆ ತೂಗುಹಾಕಿದರು. ಎಂಜಿನ್ ಹೊತ್ತು ಹಾರುವ ಅಂಥದೊಂದು ಪರೀಕ್ಷಾ ವಿಮಾನ ಆಗ ನಮ್ಮಲ್ಲಿರಲಿಲ್ಲ.