ಚಟುವಟಿಕೆ ಬಂತು, ವೀಕ್ಷಣೆ ಬಂತೇ?

ಕಳೆದ ಮೂರು ದಶಕಗಳಲ್ಲಿ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ತರಗತಿ ಕೋಣೆ ಬಹಳಷ್ಟು ಬದಲಾಗಿದೆ. ಈ ಬದಲಾವಣೆಯಲ್ಲಿ ‘ನಲಿ-ಕಲಿ’ ಪದ್ಧತಿಯ ಪಾಲು ದೊಡ್ಡದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಇದು ಆರಂಭವಾಯಿತು. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ನಮ್ಮ ಶಿಕ್ಷಕರೇ ಇದನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದಾದ್ಯಂತ ವಿಸ್ತರಿಸಿತು. ಕಲಿಕಾ ಏಣಿ, ಕಾರ್ಡುಗಳು, ಮಕ್ಕಳ ಕೈಗೆಟಕುವ ಗೋಡೆ ಹಲಗೆ, ತಲೆಯ ಮೇಲೆ ಮಕ್ಕಳ ಚಿತ್ರಗಳನ್ನು ತೂಗುಹಾಕುವ ಚಪ್ಪರ - ಇವೆಲ್ಲ ಬಂದವು. ಕೈಕಟ್ಟಿ ಕುಳಿತು ಒಕ್ಕೊರಲಿನಲ್ಲಿ ಪಾಠ ಒಪ್ಪಿಸುತ್ತಿದ್ದ ಮಕ್ಕಳು ಗುಂಪುಗಳಲ್ಲಿ ಕುಳಿತು ಮಾತನಾಡುವಂತಾದರು. ಇದು ಸಣ್ಣ ಸಾಧನೆಯಲ್ಲ.

ಆದರೆ ವಿಜ್ಞಾನದ ದೃಷ್ಟಿಯಿಂದ ನೋಡುವವರಿಗೆ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಮಗು ಮಾಡಿದ ಚಟುವಟಿಕೆಯಿಂದ ಯಾವುದಾದರೂ ವಿಷಯ ತೀರ್ಮಾನವಾಗುತ್ತದೆಯೇ? ಅಥವಾ ಉತ್ತರ ಮೊದಲೇ ಸಿದ್ಧವಾಗಿದ್ದು, ಮಗುವಿನ ಕೆಲಸ ಅದಕ್ಕೆ ಬರಿಯ ಅಲಂಕಾರವೇ? ಮೂರು ಉದಾಹರಣೆಗಳನ್ನು ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

ಹವಾಮಾನ ನಕ್ಷೆ

ನಲಿ-ಕಲಿ ಕೋಣೆಯ ಗೋಡೆಯ ಮೇಲೆ ಹವಾಮಾನ ನಕ್ಷೆಯೊಂದಿರುತ್ತದೆ. ದಿನವೂ ಮಕ್ಕಳು ಹೊರಗೆ ನೋಡಿ ಬಿಸಿಲು, ಮೋಡ, ಮಳೆ, ಗಾಳಿ ಇವುಗಳಲ್ಲಿ ಒಂದನ್ನು ಗುರುತಿಸುತ್ತಾರೆ. ಇಡೀ ತರಗತಿಯಲ್ಲಿ ನಿಜವಾದ ವೈಜ್ಞಾನಿಕ ಉಪಕರಣವೊಂದಿದ್ದರೆ ಅದು ಇದೇ. ಹವಾಮಾನ ಇಲಾಖೆ ಮಾಡುವುದೂ ಮೂಲತಃ ಇದನ್ನೇ - ಗೊತ್ತಾದ ವೇಳೆಗೆ, ಗೊತ್ತಾದ ಜಾಗದಲ್ಲಿ, ತಪ್ಪದೆ ನೋಡಿ ಬರೆದಿಡುವುದು.

ಕೊರತೆ ಇರುವುದು ಮುಂದಿನ ಹಂತದಲ್ಲಿ. ಹಲವು ಕಡೆ ನಕ್ಷೆ ತುಂಬುವುದು ಹಾಜರಿ ಕೂಗುವಂತೆ ಒಂದು ನಿತ್ಯಕರ್ಮವಾಗಿದೆ. ತಿಂಗಳು ಮುಗಿದರೆ ಹಾಳೆ ತೆಗೆದು ಹೊಸದನ್ನು ಹಚ್ಚಲಾಗುತ್ತದೆ. ಹಳೆಯ ಹಾಳೆಯಲ್ಲಿ ಮಳೆಯ ಗುರುತು ಎಷ್ಟಿತ್ತು ಎಂದು ಎಣಿಸುವವರಿಲ್ಲ. ಎಣಿಸದ ದಾಖಲೆಯಿಂದ ಏನನ್ನೂ ಕಲಿಯಲಾಗದು.

ಇನ್ನೊಂದು ತೊಡಕೂ ಇದೆ. ದಕ್ಷಿಣ ಒಳನಾಡಿನಲ್ಲಿ ಸೆಪ್ಟೆಂಬರ್-ಅಕ್ಟೋಬರ್ ದಿನಗಳಲ್ಲಿ ಬೆಳಿಗ್ಗೆ ಬಿಸಿಲು ಕಾದು ಸಂಜೆ ಗುಡುಗಿನ ಮಳೆ ಬರುವುದು ಸಾಮಾನ್ಯ. ಬೆಳಿಗ್ಗೆ ಹತ್ತಕ್ಕೆ ‘ಬಿಸಿಲು’ ಎಂದು ಗುರುತು ಹಾಕಿದರೆ ಆ ಮಳೆ ನಕ್ಷೆಗೆ ಬರುವುದೇ ಇಲ್ಲ. ನೆನೆದುಕೊಂಡು ಮನೆಗೆ ಹೋದ ಮಗುವಿಗೆ ನಕ್ಷೆ ಸುಳ್ಳು ಹೇಳುತ್ತಿದೆ ಎಂಬುದು ಗೊತ್ತು. ಆದರೆ ಅದನ್ನು ಹೇಳಲು ಅವಕಾಶವಿಲ್ಲ. ದಿನಕ್ಕೆ ಎರಡು ಗುರುತು, ‘ನಿನ್ನೆ ರಾತ್ರಿ’ ಎಂಬ ಒಂದು ಮನೆ - ಇಷ್ಟು ಸೇರಿಸಿದರೆ ನಕ್ಷೆ ಸರಿಹೋಗುತ್ತದೆ. ಈ ತಿದ್ದುಪಡಿಯನ್ನು ಮಕ್ಕಳೇ ಸೂಚಿಸುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ರೈತರ ಮನೆಯ ಮಕ್ಕಳು ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಹೆಸರು ಕೇಳಿಯೇ ಬೆಳೆದಿರುತ್ತಾರೆ. ವರ್ಷಕ್ಕೆ 27 ನಕ್ಷತ್ರ. ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ. ಈ ವರ್ಷ ನಮ್ಮ ಶಾಲೆಯಲ್ಲಿ ಆರಿದ್ರಾದಲ್ಲಿ ಎಷ್ಟು ದಿನ ಮಳೆ ಬಂತು, ಪುಷ್ಯದಲ್ಲಿ ಎಷ್ಟು? ಅಜ್ಜ ಹೇಳಿದ್ದು ಹೊಂದುತ್ತದೆಯೇ? ನಾಲ್ಕೈದು ವರ್ಷಗಳ ಹಾಳೆಗಳನ್ನು ಜೋಪಾನ ಮಾಡಿದ ಶಾಲೆ ಈ ಪ್ರಶ್ನೆಗೆ ತನ್ನದೇ ಉತ್ತರ ಕೊಡಬಲ್ಲದು. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬವೊಂದನ್ನು ಬಯಲಿನಲ್ಲಿಟ್ಟು ನೀರಿನ ಆಳವನ್ನು ಅಳೆದರೆ ಅದೇ ಮಳೆಮಾಪಕ. ಒಂದು ಚದರ ಮೀಟರಿನ ಮೇಲೆ ಬಿದ್ದ 1 ಮಿ.ಮೀ. ಮಳೆಯೆಂದರೆ 1 ಲೀಟರ್ ನೀರು. 50 ಚದರ ಮೀಟರಿನ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 500 ಲೀಟರ್. ಇಲ್ಲಿ ಗಣಿತದ ಏಣಿಯೂ ಪರಿಸರ ಅಧ್ಯಯನದ ಏಣಿಯೂ ಒಂದಾಗುತ್ತವೆ.

ನೆತ್ತಿಯ ಮೇಲಿನ ಸೂರ್ಯ

ನಕ್ಷೆಯಲ್ಲಿ ವೀಕ್ಷಣೆ ವ್ಯರ್ಥವಾದರೆ, ಸ್ವಲ್ಪ ಮೇಲಿನ ತರಗತಿಗಳಲ್ಲಿ ಪಾಠದ ಮಾತೇ ವೀಕ್ಷಣೆಗೆ ಎದುರಾಗಿ ನಿಲ್ಲುತ್ತದೆ. ‘ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಆಗ ನೆರಳು ಕಾಲಬುಡದಲ್ಲಿ ಬೀಳುತ್ತದೆ’ ಎಂಬ ವಾಕ್ಯವನ್ನು ಕೇಳದವರು ವಿರಳ. ಮೈಸೂರಿನಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ಡಿಸೆಂಬರ್ 21ರಂದು ಅಳೆಯಿರಿ. ದಿನದ ಅತಿ ಕಿರಿದಾದ ನೆರಳೂ ಸುಮಾರು 72 ಸೆಂ.ಮೀ. ಇರುತ್ತದೆ, ಉತ್ತರಕ್ಕೆ ಬಿದ್ದಿರುತ್ತದೆ. ಮೈಸೂರಿನ ಅಕ್ಷಾಂಶ ಸುಮಾರು 12.3 ಡಿಗ್ರಿ, ಅಂದು ಸೂರ್ಯ ಸಮಭಾಜಕದಿಂದ ದಕ್ಷಿಣಕ್ಕೆ 23.4 ಡಿಗ್ರಿಯಲ್ಲಿರುತ್ತಾನೆ. ಅಲ್ಲಿಗೆ ನೆತ್ತಿಯಿಂದ 35.7 ಡಿಗ್ರಿ ದೂರ. ಮೈಸೂರಿನಲ್ಲಿ ಸೂರ್ಯ ನಿಜವಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ಬಾರಿ - ಏಪ್ರಿಲ್ 23 ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ. ಬೀದರಿನಲ್ಲಿ ಮೊದಲನೆಯದು ಮೇ ತಿಂಗಳ ಎರಡನೆಯ ವಾರಕ್ಕೆ ಸರಿಯುತ್ತದೆ. ಏಪ್ರಿಲ್-ಮೇಯಲ್ಲಿ ಶಾಲೆಗೆ ರಜೆ, ಆಗಸ್ಟಿನಲ್ಲಿ ಮೋಡ. ಹೀಗಾಗಿ ಪುಸ್ತಕದ ವಾಕ್ಯ ನಿಜವಾಗುವ ದಿನವನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕಾಣುವುದೇ ಅಪರೂಪ!

‘ಹನ್ನೆರಡಕ್ಕೆ’ ಎಂಬುದೂ ಸರಿಯಲ್ಲ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ. ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮಕ್ಕಿರುವ ಮೈಸೂರಿನಲ್ಲಿ ನೆರಳು ಅತಿ ಕಿರಿದಾಗುವ ವೇಳೆ, ತಿಂಗಳನ್ನು ಅನುಸರಿಸಿ, 12.07ರಿಂದ 12.37ರವರೆಗೆ ಬದಲಾಗುತ್ತದೆ.

ಐದನೆಯ ತರಗತಿಯ ಮಗುವಿಗೆ ಈ ಲೆಕ್ಕವೆಲ್ಲ ಬೇಕಿಲ್ಲ. ನೆರಳನ್ನು ಅಳೆದು, ತಿಂಗಳಿಗೊಮ್ಮೆ ನೆಲದ ಮೇಲೆ ಗುರುತು ಹಾಕಿದರೆ ಸಾಕು. ಆದರೆ ಅಳೆದ ಮಗು 72 ಸೆಂ.ಮೀ. ಎಂದು ಬರೆದು, ಪರೀಕ್ಷೆಯಲ್ಲಿ ‘ನೆರಳು ಕಾಲಬುಡದಲ್ಲಿ’ ಎಂದು ಬರೆಯಬೇಕಾಗಿ ಬಂದರೆ ಅದು ಕಲಿಯುವ ಪಾಠವೇನು? ಕಣ್ಣಿಗೆ ಕಂಡದ್ದು ಬೇರೆ, ಅಂಕ ತರುವುದು ಬೇರೆ ಎಂಬುದು ತಾನೇ?

ಮೇಣದ ಬತ್ತಿ ಮತ್ತು ಐದನೆಯ ಒಂದು ಭಾಗ

ತಟ್ಟೆಯ ನೀರಿನಲ್ಲಿ ಉರಿಯುವ ಮೇಣದ ಬತ್ತಿ ನಿಲ್ಲಿಸಿ ಗಾಜಿನ ಲೋಟ ಕವುಚುವ ಪ್ರಯೋಗ ಎಲ್ಲರಿಗೂ ಪರಿಚಿತ. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. ‘ಗಾಳಿಯ ಐದನೆಯ ಒಂದು ಭಾಗ ಆಕ್ಸಿಜನ್ ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು’ ಎಂಬ ವಿವರಣೆ ಇಂದಿಗೂ ಚಲಾವಣೆಯಲ್ಲಿದೆ. ಇದು ತಪ್ಪು.

ಮೊದಲನೆಯದಾಗಿ, ಆಕ್ಸಿಜನ್ ಪೂರ್ತಿ ಮುಗಿಯುವ ಮೊದಲೇ, ಸುಮಾರು ಶೇಕಡ 16ಕ್ಕೆ ಇಳಿದಾಗ, ಬತ್ತಿ ಆರಿಬಿಡುತ್ತದೆ. ಎರಡನೆಯದಾಗಿ, ಖರ್ಚಾದ ಆಕ್ಸಿಜನ್ನಿನ ಬದಲಿಗೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. 25 ಕಾರ್ಬನ್, 52 ಹೈಡ್ರೋಜನ್ ಪರಮಾಣುಗಳಿರುವ ಮೇಣದ ಅಣು ಉರಿಯಲು 38 ಆಕ್ಸಿಜನ್ ಅಣುಗಳು ಬೇಕು. ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಅಣುಗಳು 25. ಜೊತೆಗೆ ಹುಟ್ಟುವ ನೀರಾವಿ ಬಹುಮಟ್ಟಿಗೆ ತಣಿದು ನೀರಾಗುತ್ತದೆ ಎಂದಿಟ್ಟುಕೊಂಡರೂ ಗಾತ್ರದಲ್ಲಿ ಆಗುವ ಇಳಿಕೆ ಶೇಕಡ 2ಕ್ಕೂ ಕಡಿಮೆ. ನೀರು ಏರಲು ಮುಖ್ಯ ಕಾರಣ ಬಿಸಿಗಾಳಿ ತಣಿಯುವುದು. ಒಳಗಿನ ಗಾಳಿ ಸರಾಸರಿ 75 ಡಿಗ್ರಿ ಸೆಲ್ಸಿಯಸ್‌ನಿಂದ 27ಕ್ಕೆ ತಣಿದರೆ ಅದೊಂದರಿಂದಲೇ ಗಾತ್ರ ಸುಮಾರು ಶೇಕಡ 14ರಷ್ಟು ಕುಗ್ಗುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಇದನ್ನು ಮಕ್ಕಳೇ ಕಂಡುಹಿಡಿಯಬಲ್ಲರು. ನೀರು ರಭಸದಿಂದ ಏರುವುದು ಬತ್ತಿ ಆರಿದ ಮೇಲೆ. ಲೋಟ ಕವುಚುವಾಗ ಅಂಚಿನಿಂದ ಗುಳ್ಳೆಗಳು ಹೊರಬರುವುದೂ ಉಂಟು. ಒಂದರ ಬದಲು ಮೂರು ಬತ್ತಿ ಇಟ್ಟರೆ ನೀರು ಇನ್ನೂ ಮೇಲೇರುತ್ತದೆ. ಲೋಟದೊಳಗಿನ ಆಕ್ಸಿಜನ್ ಮೂರು ಪಾಲಾಗಲಿಲ್ಲವಲ್ಲ! ಈ ಮೂರೂ ತರಗತಿಯಲ್ಲಿ ಕಣ್ಣೆದುರಿಗೆ ನಡೆಯುತ್ತವೆ. ಉತ್ತರ ಮೊದಲೇ ಗೊತ್ತಿರುವುದರಿಂದ ಯಾರೂ ನೋಡುವುದಿಲ್ಲ.

ಶಿಕ್ಷಕರ ಮೇಲೆ ಹೊರಿಸಿದರೆ ಸಾಲದು

ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ಕಾರ್ಡುಗಳನ್ನು ಹೊಂದಿಸಿ, ಪ್ರಗತಿಯನ್ನು ದಾಖಲಿಸುವ ಶಿಕ್ಷಕರಿಗೆ ಏಣಿಯ ಮೆಟ್ಟಿಲು ದಾಟಿಸುವುದೇ ದೊಡ್ಡ ಕೆಲಸ. ಏಣಿ ‘ಮುಗಿಯಿತೇ?’ ಎಂದು ಕೇಳುತ್ತದೆ, ‘ಏನು ಕಂಡಿತು?’ ಎಂದು ಕೇಳುವುದಿಲ್ಲ. ದೋಷವಿರುವುದು ಈ ಪ್ರಶ್ನೆಯಲ್ಲಿ.

ಹಾಗೆಂದು ಇದು ಸಾಧ್ಯವಾಗದ ಮಾತೇನಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ (ಈಗಿನ ನರ್ಮದಾಪುರಂ) ಜಿಲ್ಲೆಯ 16 ಗ್ರಾಮೀಣ ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನ ಕಾರ್ಯಕ್ರಮ ಇದನ್ನು ಮಾಡಿ ತೋರಿಸಿತು. ಅದರ ‘ಬಾಲ ವೈಜ್ಞಾನಿಕ’ ಪುಸ್ತಕಗಳು ಪ್ರಶ್ನೆ ಕೇಳುತ್ತಿದ್ದವು; ಉತ್ತರವನ್ನು ಮಕ್ಕಳು ಪ್ರಯೋಗ ಮಾಡಿ, ಚರ್ಚಿಸಿ, ತಮ್ಮ ಪುಸ್ತಕದಲ್ಲಿ ಬರೆಯಬೇಕಿತ್ತು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟು ಕೂರಬಹುದಿತ್ತು. ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಮೂವತ್ತು ವರ್ಷಗಳ ನಂತರ, 2002ರಲ್ಲಿ, ಸರ್ಕಾರ ಅದನ್ನು ನಿಲ್ಲಿಸಿತು. ಆದರೆ ಪರೀಕ್ಷೆ ಬದಲಾದರೆ ತರಗತಿಯೂ ಬದಲಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ನಮ್ಮಲ್ಲಿ ತಕ್ಷಣ ಮಾಡಬಹುದಾದದ್ದು ಇಷ್ಟು. ತಿಂಗಳ ಕೊನೆಯ ದಿನ ಹವಾಮಾನ ನಕ್ಷೆಯನ್ನು ಎಣಿಸಲು ಒಂದು ಅವಧಿ ಮೀಸಲಿಡಲಿ. ಹಾಳೆಗಳನ್ನು ಶಾಲೆಯ ದಾಖಲೆಯೊಂದಿಗೆ ಉಳಿಸಲಿ. ಪುಸ್ತಕದ ಮಾತಿಗೂ ಮಗುವಿನ ಅಳತೆಗೂ ತಾಳೆಯಾಗದಿದ್ದಾಗ ಇನ್ನೊಮ್ಮೆ ಅಳೆಯಲಿ. ಆಗಲೂ ಅದೇ ಬಂದರೆ ಅಳತೆಗೆ ಪೂರ್ತಿ ಅಂಕ ಕೊಡಲಿ. ಪಠ್ಯ ರಚಿಸುವವರು ಪ್ರತಿಯೊಂದು ಚಟುವಟಿಕೆಯನ್ನೂ ಅಚ್ಚಿಗೆ ಕೊಡುವ ಮುನ್ನ ಒಮ್ಮೆ ತಾವೇ ಮಾಡಿ ನೋಡಲಿ.

ಕೋಲಿಗಾಗಲಿ, ಡಬ್ಬಕ್ಕಾಗಲಿ ಅನುದಾನ ಬೇಕಿಲ್ಲ. ಈ ತಿಂಗಳೇ ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು, ಮಕ್ಕಳು ಅಳೆದ ನೆರಳನ್ನು ದಿನಾಂಕ, ವೇಳೆಯೊಂದಿಗೆ ಬರೆಸಿಡಿ. ಪಕ್ಕದ ಜಿಲ್ಲೆಯ ಶಾಲೆಯೊಂದರ ಅಳತೆಯೊಂದಿಗೆ ಹೋಲಿಸಿ. ವ್ಯತ್ಯಾಸ ಕಂಡರೆ, ಕಾರಣವನ್ನು ಹೇಳುವ ಮೊದಲು, ಮಕ್ಕಳನ್ನು ಕೇಳಿ.