ಗೆಜೆಟಿಯರಿನಲ್ಲಿ ಉಮರೇಡ್

ನಾಗಪುರದಿಂದ ಆಗ್ನೇಯ ದಿಕ್ಕಿಗೆ ಸುಮಾರು 45 ಕಿಲೋಮೀಟರು ಹೋದರೆ ಉಮರೇಡ್ ಸಿಗುತ್ತದೆ. ತಾಲ್ಲೂಕಿನ ಮುಖ್ಯ ಸ್ಥಳ, ಸುತ್ತಣ ಹಳ್ಳಿಗಳಿಗೆಲ್ಲ ಪೇಟೆ. ನಮ್ಮ ಕನ್ನಡ ಬಂಧುಗಳಲ್ಲಿ ಅನೇಕರಿಗೆ ಅದು ಕಲ್ಲಿದ್ದಲ ಗಣಿಯಿಂದಲೋ, 2012ರಲ್ಲಿ ಘೋಷಿತವಾದ ಕರ್‌ಹಾಂಡ್ಲಾ ಅಭಯಾರಣ್ಯದ ಹುಲಿಗಳಿಂದಲೋ ಪರಿಚಯ. ಊರಿನ ಇತಿಹಾಸ ತಿಳಿಯೋಣವೆಂದು ನಾವು ಎರಡು ದಪ್ಪ ಪುಸ್ತಕಗಳನ್ನು ಹಿಡಿದೆವು. ಒಂದು, ಆರ್. ವಿ. ರಸೆಲ್ ಸಂಪಾದಿಸಿ 1908ರಲ್ಲಿ ಹೊರಬಂದ ನಾಗಪುರ ಜಿಲ್ಲಾ ಗೆಜೆಟಿಯರು. ಇನ್ನೊಂದು, 1966ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿದ ಅದರ ಪರಿಷ್ಕೃತ ರೂಪ. ಇವುಗಳಿಂದ ನಮಗೆ ಉಪಕಾರವೂ ಆಯಿತು, ಅಸಮಾಧಾನವೂ ಆಯಿತು.

ಉಪಕಾರದ ಮಾತು ಮೊದಲು. ರಸೆಲ್ ಕಸುಬುದಾರರ ಬದುಕನ್ನು ಬಲ್ಲವರು. ಮುಂದೆ 1916ರಲ್ಲಿ ಹೀರಾಲಾಲರೊಡನೆ ಮಧ್ಯಪ್ರಾಂತ್ಯದ ಜಾತಿ, ಬುಡಕಟ್ಟುಗಳ ಬಗ್ಗೆ ನಾಲ್ಕು ಸಂಪುಟಗಳನ್ನು ಕೊಟ್ಟವರು. ಉಮರೇಡ್ ರೇಷ್ಮೆ ಅಂಚಿನ ಹತ್ತಿ ಬಟ್ಟೆಗೆ ಹೆಸರಾದ ನೇಕಾರರ ಊರು, 1867ರಲ್ಲೇ ಪುರಸಭೆ ಕಂಡದ್ದು, 1901ರ ಜನಗಣತಿಯಲ್ಲಿ ಹದಿನೈದು ಸಾವಿರ ದಾಟಿದ್ದು, ಇವೆಲ್ಲ ಆ ಕಾಲದ ಸರ್ಕಾರಿ ಬರಹಗಳು ಉಳಿಸಿಕೊಟ್ಟ ಸಂಗತಿಗಳೇ. ಆಗಿನವರು ಊರನ್ನು ಬರೆದದ್ದು ಉಮ್ರೇರ್ ಎಂದು. ಕಲ್ಲಿದ್ದಲ ಕಂಪನಿಯ ಕಾಗದಗಳಲ್ಲಿ ಇಂದಿಗೂ ಅದೇ ಹೆಸರು ನಡೆದಿದೆ!

ಇನ್ನು ಅಸಮಾಧಾನ. ಗೆಜೆಟಿಯರಿನ ಕಟ್ಟೋಣವೇ ಹೀಗೆ: ನೇಕಾರಿಕೆ ಉದ್ಯಮದ ಅಧ್ಯಾಯಕ್ಕೆ, ಸಾಲ-ಬಡ್ಡಿ ವ್ಯಾಪಾರದ ಅಧ್ಯಾಯಕ್ಕೆ, ರೈಲು ಸಂಚಾರದ ಅಧ್ಯಾಯಕ್ಕೆ, ಊರೆಂಬುದು ಕಡೆಯಲ್ಲಿ ಅಕ್ಷರಾನುಕ್ರಮದ ಸ್ಥಳಪಟ್ಟಿಗೆ. ಒಂದೇ ಊರಿನ ಬಾಳು ನಾಲ್ಕು ಕಡೆ ಹರಿದು ಹಂಚಿಹೋಗುತ್ತದೆ. ಸರ್ಕಾರಿ ಕಚೇರಿಯಲ್ಲಿ ಕಡತ ನೋಡುವ ನಮಗೆ ಇದರ ಮರ್ಮ ಬಲ್ಲದ್ದೇ. ಕೆಳಗಿನಿಂದ ಬರುವ ವರದಿಗೆ ಮೇಲಿನವರು ಕಳಿಸಿದ ನಮೂನೆಯುಂಟು. ನಮೂನೆಯಲ್ಲಿ ಕಾಲಂ ಇಲ್ಲದ ಸಂಗತಿ ಮೇಲಕ್ಕೆ ಹೋಗುವುದೇ ಇಲ್ಲ. ಉಮರೇಡಿನ ಪಂಚೆಯನ್ನು ನಾಗಪುರದಲ್ಲಿ ಯಾರು ಕೊಂಡರು, ರೇಷ್ಮೆಗೆ ಮುಂಗಡ ಕೊಟ್ಟವರು ಯಾರು, ಬೆಲೆ ಕಟ್ಟುತ್ತಿದ್ದುದು ಮಗ್ಗದ ಬಳಿಯೋ ರಾಜಧಾನಿಯ ಅಂಗಡಿಯಲ್ಲೋ? ಇಂಥ ಪ್ರಶ್ನೆಗಳಿಗೆ ಆ ನಮೂನೆಯಲ್ಲಿ ಜಾಗವಿಲ್ಲ.

ಇಂಗ್ಲೆಂಡಿನ ಇತಿಹಾಸಕಾರರು ಇದೇ ಕೆಲಸವನ್ನು ಬೇರೆ ರೀತಿ ಮಾಡಿದರು. ಎಫ್. ಜೆ. ಫಿಷರ್ 1935ರ ಲೇಖನವೊಂದರಲ್ಲಿ ಲಂಡನ್ನಿನ ಹಸಿವು 1540ರಿಂದ 1640ರವರೆಗೆ ಸುತ್ತಣ ಸೀಮೆಗಳ ಬೇಸಾಯವನ್ನೇ ಹೇಗೆ ಬದಲಿಸಿತೆಂದು ತೋರಿಸಿದರು. ಅಲನ್ ಎವೆರಿಟ್ ಟ್ಯೂಡರ್-ಸ್ಟೂವರ್ಟ್ ಕಾಲದ ಇಂಗ್ಲೆಂಡಿನಲ್ಲಿ ಸುಮಾರು 760 ಪೇಟೆಯ ಊರುಗಳನ್ನು ಎಣಿಸಿದರು. ಥೇಮ್ಸ್ ದಂಡೆಯ ಹೆನ್ಲಿ ಎಂಬ ಪುಟ್ಟ ಊರು ಲಂಡನ್ನಿನ ಧಾನ್ಯದ ಬಾಗಿಲಾಗಿತ್ತು. ಮಧ್ಯಯುಗದಲ್ಲೇ ಲಂಡನ್ನಿನ ವರ್ತಕರು ಅಲ್ಲಿ ಕಣಜಗಳನ್ನಿಟ್ಟು ದೋಣಿಯಲ್ಲಿ ಕಾಳು ಸಾಗಿಸುತ್ತಿದ್ದರು. ಫಿಷರ್ ಲಂಡನ್ನಿಗೇ ಹೆಚ್ಚು ತೂಕ ಕೊಟ್ಟರೆಂಬ ಆಕ್ಷೇಪಣೆ ಆಮೇಲೆ ಬಂತು, ನಿಜ. ಆದರೆ ಆಕ್ಷೇಪಿಸಲು ಅಲ್ಲೊಂದು ವಾದವಿತ್ತು. ನಮ್ಮ ಗೆಜೆಟಿಯರಿನಲ್ಲಿ ತಪ್ಪು ಹುಡುಕಬಹುದು, ವಾದ ಹೂಡಲು ಏನಿದೆ?

ಉಮರೇಡಿನ ಕಥೆಯಲ್ಲಿ ವಾದಕ್ಕೆ ಕೊರತೆಯಿಲ್ಲ. 1854ರಲ್ಲಿ ಭೋಸಲೆ ರಾಜ್ಯ ಇಂಗ್ಲಿಷರ ಪಾಲಾಗಿ ನಾಗಪುರದ ಅರಮನೆಯ ವೈಭವ ಮುಗಿಯಿತು. 1861ರಲ್ಲಿ ಅದೇ ಊರು ಮಧ್ಯಪ್ರಾಂತ್ಯದ ರಾಜಧಾನಿಯಾಯಿತು. ಜರಿ ಪಂಚೆ ಉಡುವ ಸರದಾರನ ಜಾಗಕ್ಕೆ ಕೋಟು ತೊಟ್ಟ ಗುಮಾಸ್ತ ಬಂದ. 1867ರಲ್ಲಿ ಮುಂಬಯಿಯ ರೈಲು ಬಂತು, 1877ರಲ್ಲಿ ಜಮ್ಷೆಡ್ಜಿ ಟಾಟಾ ಅವರ ಎಂಪ್ರೆಸ್ ಮಿಲ್ಲು. ಗಿರಣಿಯ ನೂಲು ಕೈಮಗ್ಗಕ್ಕೆ ಆಧಾರ, ಗಿರಣಿಯ ಬಟ್ಟೆ ಎದುರಾಳಿ. ನೇಕಾರ ಎರಡರ ನಡುವೆ ನಿಂತ. ರಸೆಲ್‌ರ ಪುಸ್ತಕ ಅಚ್ಚಾದ 1908ರಲ್ಲೇ ನಾಗಪುರ-ನಾಗಭೀಡ್ ನಡುವಿನ ಕಿರುಹಳಿ ರೈಲು ಉಮರೇಡ್ ಮೂಲಕ ಓಡತೊಡಗಿತು. ಅದು ಪಂಚೆಯನ್ನು ನಾಗಪುರಕ್ಕೆ ಒಯ್ದದ್ದೆಷ್ಟು, ಮಿಲ್ಲಿನ ಬಟ್ಟೆಯನ್ನು ಉಮರೇಡಿಗೆ ತಂದದ್ದೆಷ್ಟು? 1966ರ ಪರಿಷ್ಕರಣೆಗೆ ಕೇಳಬೇಕಾದ ಪ್ರಶ್ನೆ ಇದಾಗಿತ್ತು. ಅಷ್ಟರಲ್ಲಿ ರಾಜಧಾನಿಯೂ ಬದಲಾಗಿತ್ತು. 1956ರಲ್ಲಿ ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿ ಆ ಪದವಿ ಕಳೆದುಕೊಂಡಿತು. ರಾಜಧಾನಿಯೇ ತಾಲ್ಲೂಕಿನಂತಾದಾಗ ಅದನ್ನು ನಂಬಿದ ಪೇಟೆ ಏನಾಗಬೇಕು?

ಪರವೂರಿನ ಚಿಂತೆ ನಮಗೇಕೆ ಎನ್ನುವವರು ಗುಳೇದಗುಡ್ಡವನ್ನು ನೆನೆಯಲಿ. ಅಲ್ಲಿನ ಖಣ ಮಹಾರಾಷ್ಟ್ರದ ಹೆಂಗಸರ ರವಿಕೆಯಾಗಿ ಮಾರಾಟವಾದದ್ದು. ಮರಾಠಿ ಮನೆಯ ಉಡುಪು ಬದಲಾದರೆ ಬಾದಾಮಿ ಸೀಮೆಯ ಮಗ್ಗ ನಿಲ್ಲುತ್ತದೆ. ಈ ನಂಟನ್ನು ಬರೆಯಬೇಕಾದರೆ ಮಗ್ಗದ ಮನೆ ಹಾಗೂ ಕೊಳ್ಳುವ ಮನೆ ಎರಡನ್ನೂ ಕಂಡವರು ಬೇಕು. ನಮ್ಮ ಬಳಗದಲ್ಲೇ ಆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆತನಗಳಿವೆ; ಅಜ್ಜಿಯ ಪೆಟ್ಟಿಗೆಯಲ್ಲಿ ಖಣವೂ ಇದ್ದೀತು, ಲೆಕ್ಕದ ಚೀಟಿಯೂ ಇದ್ದೀತು.

ಎಂಪ್ರೆಸ್ ಮಿಲ್ಲು 2002ರಲ್ಲಿ ಮುಚ್ಚಿತು. ಉಮರೇಡಿನ ಕಿರುಹಳಿ ರೈಲು, ಅಗಲ ಹಳಿ ಹಾಕುವ ಸಲುವಾಗಿ, 2019ರಲ್ಲಿ ನಿಂತಿತು. ಆ ರೈಲಿನಲ್ಲಿ ಗಂಟು ಹೊತ್ತು ನಾಗಪುರಕ್ಕೆ ಬಂದವರಲ್ಲಿ ಕೆಲವರಾದರೂ ಉಮರೇಡಿನಲ್ಲಿದ್ದಾರು. ಮುಂದಿನ ಗೆಜೆಟಿಯರಿನ ಸಂಪಾದಕರು ನಮೂನೆ ಕಳಿಸುವ ಮೊದಲು ಅವರ ಮನೆಗೊಮ್ಮೆ ಹೋಗಿಬರಲಿ.